ತಲಿ ಗಿರ್ ಅಂದ್ರ ಪುಸ್ತಕದಾಗ ಏನಂತಾರ?

ನರ್ಸಿಂಗ್ ಓದುವುದು ಅಂದರೆ ಸೂಜಿ ಮಾಡುವುದನ್ನು ಕಲಿಯುವುದು ಅಂತ ನಮ್ಮ ಊರುಗಳಲ್ಲಿ ಬಹಳ ಮಂದಿ ತಿಳಿದಿದ್ದಾರೆ. ರಜೆಗೆ ಹೋದರೆ ಸಾಕು, "ಎಷ್ಟ್ ಮಂದಿಗೆ ಸೂಜಿ ಮಾಡಿದಿ?" ಅಂತ ಕೇಳುತ್ತಾರೆ. ಈ ಓದಿನಲ್ಲಿ ಸೂಜಿ ಬಹಳ ಸಣ್ಣ ಭಾಗ. ಉಳಿದದ್ದು ಏನು, ಅದನ್ನು ನಾವು ಹೇಗೆ ಎಳೆದುಕೊಂಡು ಹೋಗುತ್ತಿದ್ದೇವೆ ಅನ್ನುವುದನ್ನು ಇಲ್ಲಿ ಬರೆದಿದ್ದೇವೆ.

ನಾವು ನಾಲ್ವರು ಹುಡುಗಿಯರು. ಗದಗ, ಕೊಪ್ಪಳ ಕಡೆಯ ಹಳ್ಳಿಯವರು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಸೈನ್ಸ್. ಈಗ ಬಿಎಸ್ಸಿ ನರ್ಸಿಂಗ್ ಮೂರನೇ ಸೆಮಿಸ್ಟರ್. ಹಾಸ್ಟೆಲಿನಲ್ಲಿ ನಾಲ್ವರಿಗೂ ಒಂದೇ ರೂಮು. ಯಾರ ಮನೆಯಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಂದರೂ ಡಬ್ಬಿ ಎಲ್ಲರದು.

ಕೋರ್ಸ್ 4 ವರ್ಷ, 8 ಸೆಮಿಸ್ಟರ್. ಪರೀಕ್ಷೆ ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಜಿಯಾಲಜಿ, ಸೋಶಿಯಾಲಜಿ, ಸೈಕಾಲಜಿ, ಇಂಗ್ಲಿಷ್, ನರ್ಸಿಂಗ್ ಫೌಂಡೇಶನ್. ಹಾಜರಿ ಶೇಕಡಾ 80 ಇರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದರ ಜೊತೆಗೆ ಆಸ್ಪತ್ರೆಯ ಡ್ಯೂಟಿ: ಮೊದಲ ಸೆಮಿಸ್ಟರಿನಲ್ಲಿ 160 ಗಂಟೆ, ಎರಡನೆಯದರಲ್ಲಿ 320 ಗಂಟೆ. ಬೆಳಗ್ಗೆ ವಾರ್ಡಿನಲ್ಲಿ ನಿಂತ ಕಾಲು ಮಧ್ಯಾಹ್ನ ಕ್ಲಾಸಿನಲ್ಲಿ ಕೂತಾಗ ಜುಮುಗುಡುತ್ತದೆ. ರಾತ್ರಿ ಕೇರ್ ಪ್ಲ್ಯಾನ್ ಬರೆಯಬೇಕು. ರೋಗಿಗೆ ಏನಾಗಿದೆ, ಏನು ಮಾಡಬೇಕು, ಯಾಕೆ ಮಾಡಬೇಕು, ಮಾಡಿದ ಮೇಲೆ ಏನಾಯಿತು, ಎಲ್ಲವನ್ನೂ ಕೈಯಲ್ಲೇ, ಇಂಗ್ಲಿಷಿನಲ್ಲೇ.

ನಮಗೆ ಕಷ್ಟವಾದದ್ದು ಅಲ್ಲೇ. ಉತ್ತರ ತಲೆಯಲ್ಲಿ ಇರುತ್ತದೆ, ವಾಕ್ಯ ಕೈಗೆ ಬರುವುದಿಲ್ಲ. ಪುಸ್ತಕದಲ್ಲಿ ಒಂದೊಂದು ಶಬ್ದ ಒಂದೊಂದು ಗಜ ಉದ್ದ. ಮೊದಲ ಎರಡು ತಿಂಗಳು ಡಿಕ್ಷನರಿ ನೋಡುವುದರಲ್ಲೇ ರಾತ್ರಿ ಮುಗಿದುಹೋಗುತ್ತಿತ್ತು.

ದಾರಿ ಸಿಕ್ಕದ್ದು ವಾರ್ಡಿನಲ್ಲಿ. ಅಲ್ಲಿ ಯಾವ ರೋಗಿಯೂ "ನನಗೆ ಡಿಸ್ಪ್ನಿಯಾ ಆಗಿದೆ" ಅನ್ನುವುದಿಲ್ಲ. "ದಮ್ಮು ಹತ್ತೈತಿ" ಅನ್ನುತ್ತಾರೆ. "ತಲಿ ಗಿರ್ ಅಂತೈತಿ" ಅಂದರೆ ಅದು ಪುಸ್ತಕದ ವರ್ಟಿಗೋ ಇರಬಹುದು. "ಕಣ್ಣಿಗೆ ಕತ್ತಲಿ ಬಂದು ಬಿದ್ದೆ" ಅಂದರೆ ಸಿಂಕೋಪ್. ಕಾಲು ಬಾತವರ ಚರ್ಮವನ್ನು ಬೆರಳಿನಿಂದ ಒತ್ತಿದಾಗ ಕುಣಿ ಬಿದ್ದು ಹಾಗೇ ಉಳಿದರೆ ಪಿಟಿಂಗ್ ಎಡಿಮಾ. ಈ ಮಾತುಗಳನ್ನು ಕೇಳಿಯೇ ನಾವು ಬೆಳೆದವರು. ಅಜ್ಜಿ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಬ್ಯಾನಿಗಳೇ ಪುಸ್ತಕದಲ್ಲಿ ಬೇರೆ ಹೆಸರಿಟ್ಟುಕೊಂಡು ಕೂತಿದ್ದವು.

ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆವು. ಒಂದು ಕಡೆ ರೋಗಿ ಹೇಳಿದ ಮಾತು, ನಡುವೆ ಪುಸ್ತಕದ ಶಬ್ದ, ಇನ್ನೊಂದು ಕಡೆ ನಾವು ಏನು ನೋಡಬೇಕು ಅನ್ನುವುದು. ರೋಗಿಯ ಹೆಸರು ಅದರಲ್ಲಿ ಬರೆಯುವುದಿಲ್ಲ. ರಾತ್ರಿ ಒಬ್ಬಳು ಕನ್ನಡದಲ್ಲಿ ಹೇಳುವುದು, ಉಳಿದವರು ಅದನ್ನು ಇಂಗ್ಲಿಷಿನ ನಾಲ್ಕು ಸಣ್ಣ ವಾಕ್ಯ ಮಾಡಿ ಬರೆಯುವುದು. ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಪುಸ್ತಕ ಮುಚ್ಚಿಯೇ ಬರೆಯಬೇಕು. ಹೃದಯದ ಚಿತ್ರ ಅಂತೂ ಈಗ ಕಣ್ಣು ಮುಚ್ಚಿ ಬಿಡಿಸುತ್ತೇವೆ.

ಲೆಕ್ಕವೂ ಹಾಗೇ ಕಲಿತೆವು. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ 1 ಎಂಎಲ್‌ಗೆ 20 ಹನಿ ಅಂದರೆ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? 500ನ್ನು 20ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿದರೆ ಸುಮಾರು 42. ವಾರ್ಡಿನಲ್ಲಿ ಗಡಿಯಾರ ಹಿಡಿದು ಹನಿ ಎಣಿಸಿದ ಮೇಲೆ ಸೂತ್ರ ಮರೆಯುವ ಮಾತೇ ಇಲ್ಲ. ಉಸಿರು ಎಣಿಸುವಾಗ ರೋಗಿಗೆ ಹೇಳಬಾರದು, ಹೇಳಿದರೆ ಅವರ ಉಸಿರಾಟವೇ ಬದಲಾಗುತ್ತದೆ. ನಾಡಿ ಹಿಡಿದಂತೆಯೇ ಕೈ ಹಿಡಿದುಕೊಂಡು ಎದೆ ಏಳುವುದನ್ನು ಎಣಿಸಬೇಕು. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ.

ಹೀಗೆ ಹೇಳಿದರೆ ಎಲ್ಲ ಸಲೀಸಾಯಿತು ಅಂತ ಅನಿಸಬಹುದು. ಸಲೀಸಾಗಲಿಲ್ಲ.

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ನಮ್ಮಲ್ಲಿ ಒಬ್ಬಳ ಅನಾಟಮಿ-ಫಿಜಿಯಾಲಜಿ ಉಳಿದಿತ್ತು. ಆವತ್ತು ಸಂಜೆಯೇ ಅವಳ ಅಪ್ಪನ ಫೋನ್ ಬಂತು. "ಸಾಕ್ ಮಾಡವ್ವ, ಊರಿಗೆ ಬಾ. ಒಂದು ಸಂಬಂಧಾನೂ ಬಂದೈತಿ." ಎರಡು ಎಕರೆ ಒಣಬೇಸಾಯ, ಫೀಸಿಗೆ ಮಾಡಿದ ಸಾಲ. ಅವರ ಭಯ ನಮಗೂ ಅರ್ಥವಾಗುತ್ತಿತ್ತು. ಅವಳು ಬ್ಯಾಗಿಗೆ ಬಟ್ಟೆ ತುಂಬಿಟ್ಟಳು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಮೂರನೆಯ ದಿನ ಅವಳಿಗೆ ಗಂಡಸರ ವಾರ್ಡಿನಲ್ಲಿ ಡ್ಯೂಟಿ. ಅಲ್ಲಿ ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು, ಕಾಲಿಗೆ ಗಾಯ. ಬೆಳಗ್ಗೆ ಇನ್ಸುಲಿನ್ ಆಗಿತ್ತು. ನಾಷ್ಟಾ ತರಲು ಹೋದ ಮಗ ಇನ್ನೂ ಬಂದಿರಲಿಲ್ಲ. ಅಜ್ಜ ಅವಳ ಕೈ ಹಿಡಿದು, "ಯವ್ವಾ, ಒಳಗ ತಳಮಳ ಅಂತೈತಿ, ಕೈ ನಡಗಾಕ ಹತ್ಯಾವ" ಅಂದರು. ಮುಟ್ಟಿದರೆ ಮೈ ತಣ್ಣಗೆ, ಬೆವರು. ಅವಳು ಓಡಿ ಸ್ಟಾಫ್ ಸಿಸ್ಟರನ್ನು ಕರೆತಂದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 52. 70ಕ್ಕಿಂತ ಕೆಳಗೆ ಇಳಿದರೆ ಕಡಿಮೆ ಅಂತ ಲೆಕ್ಕ. ಅಜ್ಜನಿಗೆ ಎಚ್ಚರ ಇತ್ತು, ನುಂಗಲು ಬರುತ್ತಿತ್ತು. ಗ್ಲೂಕೋಸ್ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದರು, ಏರಿತ್ತು. ಸ್ವಲ್ಪ ಹೊತ್ತಿಗೆ ಅಜ್ಜ ಎದ್ದು ಕೂತು, "ಮಗ ಬಂದನೇನು?" ಅಂತ ಕೇಳಿದರು.

ಅವಳು ಫೇಲಾದ ವಿಷಯದ ಪಾಠವೇ ಅದು. ಊಟವಿಲ್ಲದೆ ಇನ್ಸುಲಿನ್ ಆದರೆ ರಕ್ತದಲ್ಲಿನ ಸಕ್ಕರೆ ಯಾಕೆ ಇಳಿಯುತ್ತದೆ ಅನ್ನುವುದನ್ನು ಆವತ್ತು ರಾತ್ರಿ ನಮಗೆ ಮೂವರಿಗೂ ಕೂಡಿಸಿಕೊಂಡು ಹೇಳಿದಳು. ಬ್ಯಾಗು ಬಿಚ್ಚಿದ್ದು ಆಮೇಲೆ.

ನಮ್ಮಲ್ಲೇ ಇನ್ನೊಬ್ಬಳ ಅವ್ವ ಆಶಾ ಕಾರ್ಯಕರ್ತೆ. ಅವರು ಆ ಅಪ್ಪನಿಗೆ ಫೋನ್ ಮಾಡಿ, "ಅಣ್ಣಾರ, ಒಂದು ಸಬ್ಜೆಕ್ಟ್ ಹೋಗೇತಿ, ಹುಡುಗಿ ಎಲ್ಲೂ ಹೋಗಿಲ್ಲ. ಇನ್ನೊಮ್ಮೆ ಬರೀತಾಳ, ಬಿಡ್ರಿ" ಅಂದರಂತೆ. ಅಪ್ಪ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳು ಪರೀಕ್ಷೆ ಮತ್ತೆ ಬರೆದಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ.

ಪುಸ್ತಕದಲ್ಲಿ ಇಲ್ಲದ ಪಾಠಗಳೂ ಇವೆ. ನಾವು ಮೊಟ್ಟಮೊದಲು ಕಲಿತ ಕೆಲಸ ಹಾಸಿಗೆ ಹಾಸುವುದು. ಒಂದು ನಿರಿಗೆ ಉಳಿದರೂ ಮೇಡಮ್ ಬಿಚ್ಚಿ ಮತ್ತೆ ಹಾಸಿಸುತ್ತಿದ್ದರು. ಒಂದು ದಿನ ಬೆಳಗ್ಗೆ ಹೋದಾಗ ನಿನ್ನೆ ಮಾತಾಡಿಸಿದ ಅಮ್ಮನ ಮಂಚ ಖಾಲಿ. ಅದಕ್ಕೆ ಹೊಸ ಚಾದರ ಹಾಸಬೇಕಾದವರು ನಾವೇ. ನಿರಿಗೆ ಬಾರದಂತೆ ಹಾಸಿದೆವು. ರಾತ್ರಿ ದೀಪ ಆರಿಸಿದ ಮೇಲೆ ಬಹಳ ಹೊತ್ತು ಆ ಅಮ್ಮನ ಬಗ್ಗೆಯೇ ಮಾತಾಡಿದೆವು. ಹಾಗೆ ಮಾತಾಡಲು ಜೊತೆಗೆ ಯಾರಾದರೂ ಇರಬೇಕು, ಇಲ್ಲದಿದ್ದರೆ ಈ ಓದು ಒಬ್ಬರಿಗೆ ಬಹಳ ಭಾರ.

ನಿಮ್ಮ ಮನೆಯಲ್ಲಿ ಮಗಳೋ ಮಗನೋ ನರ್ಸಿಂಗ್ ಓದುತ್ತಿದ್ದರೆ ಒಂದು ಮಾತು. ಒಂದು ಪೇಪರ್ ಉಳಿಯಿತು ಅಂದಕೂಡಲೇ ಊರಿಗೆ ಕರೆಸಬೇಡಿ, ಮತ್ತೆ ಬರೆಯಲು ಅವಕಾಶ ಇದೆ. ಮಾರ್ಕ್ಸ್ ಕೇಳಿದಂತೆ ವಾರ್ಡಿನಲ್ಲಿ ಇವತ್ತು ಏನಾಯಿತು ಅಂತಲೂ ಕೇಳಿ.

ನೀವು ಆಸ್ಪತ್ರೆಗೆ ಬಂದಾಗ ನಮ್ಮಂಥ ಹುಡುಗಿಯರು ನೋಟ್‌ಬುಕ್ ಹಿಡಿದು ಮಂಚದ ಹತ್ತಿರ ಬರುತ್ತಾರೆ. ನಾಚಿಕೊಳ್ಳಬೇಡಿ, ದೊಡ್ಡ ಶಬ್ದ ಹುಡುಕಬೇಡಿ. ಗಿರ್ ಅನ್ನುವುದನ್ನು ಗಿರ್ ಅಂತಲೇ ಹೇಳಿ. ಬರೆದುಕೊಳ್ಳುವ ಕೆಲಸ ನಮ್ಮದು.