ಒಬ್ಬನೇ ಉಳಿದ ಕೊಟ್ರೇಶ

ಕೊಟ್ಟೂರಿನ ಗುರು ಬಸವೇಶ್ವರನೇ ಕೊಟ್ಟೂರೇಶ್ವರ; ಜನರ ನಾಲಿಗೆಯ ಮೇಲೆ ಸವೆದು ಕೊಟ್ರೇಶ. ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಮ್ಮ ಎಲ್ಲ ಅದೇ ಬಳ್ಳಿಯ ಕಾಯಿಗಳು. ಮಾಘದ ತೇರಿಗೆ ಹರಕೆ ಹೊತ್ತು ಪಡೆದ ಕೂಸಿಗೆ ನಮ್ಮ ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಬೇರೆ ಹೆಸರು ಹುಡುಕುವ ಪ್ರಶ್ನೆಯೇ ಇರಲಿಲ್ಲ. 1998ರಲ್ಲಿ ನಾನು ಮೇಷ್ಟ್ರಾದಾಗ ಒಂದೇ ತರಗತಿಯಲ್ಲಿ ನಾಲ್ವರು ಕೊಟ್ರೇಶರು! ಇನಿಷಿಯಲ್ ಹಿಡಿದೇ ಕೂಗಬೇಕಿತ್ತು.

ಈಗ ಒಬ್ಬನೇ. ಉಳಿದವರೆಲ್ಲ ಪ್ರಜ್ವಲ್, ಚೇತನ್, ಧ್ರುವ. (ವಿಜ್ಞಾನದವನಾದ ನನಗೆ ಧ್ರುವ ಇಷ್ಟವೇ, ಆ ಮಾತು ಬೇರೆ.) ಆ ಒಬ್ಬನೂ ಮೊನ್ನೆ ಬಂದು, "ಸಾರ್, ಎಸ್ಸೆಸ್ಸೆಲ್ಸಿ ಅರ್ಜಿ ತುಂಬೋ ಮುಂಚೆ ಹೆಸರು ಬದಲಿಸಿಕೊಡ್ರಿ, ಬೆಂಗಳೂರಿನಾಗೆ ನಗ್ತಾರೆ" ಎಂದ. ಅಂಕಪಟ್ಟಿಗೆ ಬಿದ್ದ ಹೆಸರನ್ನು ಆಮೇಲೆ ತಿದ್ದಿಸುವುದು ಕಷ್ಟ, ಹುಡುಗನ ಅವಸರವೂ ಸುಳ್ಳಲ್ಲ. ಅಜ್ಜನನ್ನು ಕೇಳಿ ಬಾ ಎಂದು ಕಳಿಸಿದೆ. ಅಜ್ಜ ಕೊಟ್ರಪ್ಪ. ಮೂರು ದಿನವಾಯಿತು, ಉತ್ತರ ಇನ್ನೂ ಬಂದಿಲ್ಲ.