ಶಬ್ದಸಂಗ್ರಹವೂ ಒಂದು ದೇಶದ ಆದಿಚರಿತ್ರೆಯೂ

ಇಂಗ್ಲಿಷ್ ಶಬ್ದಸಂಪತ್ತನ್ನು ಹೆಚ್ಚಿಸಿಕೊಳ್ಳಬೇಕೆಂಬ ಹಂಬಲ ಇಂದು ನಮ್ಮ ಮನೆಗಳಲ್ಲಿ ಎಷ್ಟು ಪ್ರಬಲವಾಗಿದೆಯೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಪರದೇಶದಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ಮಕ್ಕಳು ಜಿ.ಆರ್.ಇ. ಮೊದಲಾದ ಪರೀಕ್ಷೆಗಳಿಗಾಗಿ ಕಠಿಣ ಪದಗಳ ಉದ್ದುದ್ದ ಪಟ್ಟಿಗಳನ್ನು ಉರುಹೊಡೆಯುತ್ತಾರೆ. ನನ್ನ ಮೊಮ್ಮಗಳೂ ಅವರಲ್ಲೊಬ್ಬಳು. ಅವಳ ಪಟ್ಟಿಯನ್ನು ತಿರುವಿ ನೋಡಿದೆ. ಪದದ ಎದುರಿಗೆ ಅರ್ಥ, ಅರ್ಥದ ಎದುರಿಗೆ ಮತ್ತೊಂದು ಪದ. ಜಮೆಯ ಎದುರಿಗೆ ಖರ್ಚು ಬರೆದಂತೆ ಅಚ್ಚುಕಟ್ಟು. ಆದರೆ ಆ ಪದವನ್ನು ಯಾರು, ಯಾವಾಗ, ಏತಕ್ಕಾಗಿ ಬಳಸಿದರೆಂಬುದರ ಸುಳಿವೇ ಇಲ್ಲ. ಬಿ.ಕಾಂ. ಓದಿ ದಶಕಗಳ ಕಾಲ ಅಂಗಡಿಯ ಗಾದಿಯಲ್ಲಿ ಕುಳಿತವನಿಗೆ ವೋಚರ್ ಇಲ್ಲದ ನಮೂದೆಂದರೆ ಸಹಜವಾಗಿಯೇ ಸಂಶಯ.

ಆದುದರಿಂದ ಅವಳಿಗೊಂದು ಸಲಹೆಯಿತ್ತೆ. ಪಟ್ಟಿಯನ್ನು ಎಸೆಯೆಂದು ಹೇಳಲಿಲ್ಲ. ಪರೀಕ್ಷೆಗೆ ಅದು ಬೇಕು. ಅದರ ಜೊತೆಗೆ ಅಮೆರಿಕ ಸಂಯುಕ್ತ ಸಂಸ್ಥಾನ ಹುಟ್ಟಿದ ಕಾಲದ ಬರಹಗಳನ್ನು ಓದೆಂದೆ. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ, ಮತ್ತು ಆ ಸಂವಿಧಾನವನ್ನು ಸಮರ್ಥಿಸಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು 'ಪಬ್ಲಿಯಸ್' ಎಂಬ ಒಂದೇ ಗುಪ್ತನಾಮದಲ್ಲಿ ಬರೆದ 85 ಲೇಖನಗಳು. ಮೂಲ ಸಂವಿಧಾನ ಸುಮಾರು 4,500 ಶಬ್ದಗಳಷ್ಟು ಚಿಕ್ಕದು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಪದಕೋಶವೂ ರಾಜಕಾರಣವೂ ಆಗ ದೂರದೂರವಿರಲಿಲ್ಲ. 1828ರಲ್ಲಿ ಸುಮಾರು 70,000 ಪದಗಳ ಅಮೆರಿಕನ್ ನಿಘಂಟನ್ನು ಹೊರತಂದ ನೋವಾ ವೆಬ್‌ಸ್ಟರನೇ 1787ರಲ್ಲಿ ಸಂವಿಧಾನದ ಪರವಾಗಿ ಕಿರುಹೊತ್ತಗೆಯನ್ನು ಬರೆದಿದ್ದ. ನಮ್ಮ ಟ್ರಸ್ಟುಗಳು ನಡೆಸುವ ವಿದ್ಯಾರ್ಥಿನಿಲಯಗಳಲ್ಲಿ ಪರೀಕ್ಷಾ ಕೈಪಿಡಿಗಳ ಪಕ್ಕದಲ್ಲಿ ಈ ಗ್ರಂಥಗಳಿಗೂ ಒಂದಿಷ್ಟು ಜಾಗ ದೊರೆತರೆ ಒಳಿತು. ಅವು ದುಬಾರಿಯವಲ್ಲ.

'ಎಮಾಲ್ಯುಮೆಂಟ್' ಎಂಬ ಪದವನ್ನೇ ತೆಗೆದುಕೊಳ್ಳೋಣ. ಪಟ್ಟಿಯಲ್ಲಿ ಅದರ ಅರ್ಥ 'ಸಂಬಳ, ಸಂಭಾವನೆ' ಎಂದಷ್ಟೇ. ಅದರ ಲ್ಯಾಟಿನ್ ಮೂಲದಲ್ಲಿ, ಧಾನ್ಯ ಬೀಸಿಕೊಟ್ಟವನಿಗೆ ಸಲ್ಲುವ ಪ್ರತಿಫಲವೆಂಬ ಅರ್ಥವಿದ್ದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಅಧಿಕಾರದಲ್ಲಿರುವ ಯಾರೊಬ್ಬರೂ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಪರರಾಜನಿಂದ ಉಡುಗೊರೆ, ಎಮಾಲ್ಯುಮೆಂಟ್, ಹುದ್ದೆ, ಬಿರುದು ಯಾವುದನ್ನೂ ಸ್ವೀಕರಿಸಕೂಡದೆಂದು ಸಂವಿಧಾನ ವಿಧಿಸಿತು. ಇದು ಬರಿಯ ಊಹೆಯ ಭಯವಲ್ಲ. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಸ್ವದೇಶಕ್ಕೆ ಮರಳುವಾಗ ಅಲ್ಲಿಯ ದೊರೆ ವಜ್ರಗಳಿಂದ ಸುತ್ತುವರಿದ ತನ್ನ ಭಾವಚಿತ್ರವಿದ್ದ ನಶ್ಯದ ಪೆಟ್ಟಿಗೆಯನ್ನು ಕೊಟ್ಟಿದ್ದ. ದೇಶಭಕ್ತನೇ ಆದರೂ ವಜ್ರ ವಜ್ರವೇ. ಈ ಕಥೆ ತಿಳಿದ ಮೇಲೆ ಆ ಪದವನ್ನು ಉರುಹೊಡೆಯುವ ಅಗತ್ಯ ಉಳಿಯುವುದಿಲ್ಲ.

ನನಗೆ ಹೆಚ್ಚು ರುಚಿಸಿದುದು ಸುಲಭವಾದ ಒಂದು ಪದ: 'ಇಂಟರೆಸ್ಟ್'. ವ್ಯಾಪಾರಿಗೆ ಅದು ಬಡ್ಡಿ, ವಿದ್ಯಾರ್ಥಿಗೆ ಆಸಕ್ತಿ. 1787ರ ನವೆಂಬರಿನಲ್ಲಿ ಪ್ರಕಟವಾದ ಹತ್ತನೆಯ ಲೇಖನದಲ್ಲಿ ಮ್ಯಾಡಿಸನ್ ಅದನ್ನು ಹಿತಾಸಕ್ತಿಯುಳ್ಳ ವರ್ಗವೆಂಬ ಅರ್ಥದಲ್ಲಿ ಬಳಸುತ್ತಾನೆ. ಭೂಮಿಯುಳ್ಳವರು, ವರ್ತಕರು, ಹಣವಂತರು, ಸಾಲ ಕೊಟ್ಟವರು, ಸಾಲ ಪಡೆದವರು, ಇವರೆಲ್ಲರ ಹಿತ ಬೇರೆಬೇರೆ. ಇಂತಹ ಹಿತದಿಂದಲೋ ಆವೇಶದಿಂದಲೋ ಒಂದುಗೂಡಿ ಇತರರ ಹಕ್ಕಿಗೆ ಮಾರಕವಾಗುವ ಗುಂಪೇ ಅವನ ಪ್ರಕಾರ 'ಫ್ಯಾಕ್ಷನ್'. ಅದು ಅಲ್ಪಸಂಖ್ಯಾತರದಾಗಿರಬಹುದು, ಬಹುಸಂಖ್ಯಾತರದೂ ಆಗಿರಬಹುದು. ಪಟ್ಟಿಯಲ್ಲಿ ಈ ಪದಕ್ಕೆ 'ಚಿಕ್ಕ ಬಣ' ಎಂದಿತ್ತು. ಬಹುಮತವೇ ಬಣವಾಗಬಲ್ಲದೆಂಬುದನ್ನು ಪಟ್ಟಿ ಹೇಳುವುದಿಲ್ಲ.

ಪದವನ್ನು ಮೊದಲು ಕೈವಶ ಮಾಡಿಕೊಂಡವರಿಗೆ ಅರ್ಧ ಜಯವೆಂಬುದೂ ಇಲ್ಲಿಯೇ ಕಾಣುತ್ತದೆ. 'ಫೆಡರಲ್' ಎಂದರೆ ಅಂದು ಸ್ವತಂತ್ರ ರಾಜ್ಯಗಳ ಒಕ್ಕೂಟಕ್ಕೆ ಸಂಬಂಧಿಸಿದುದು ಎಂದರ್ಥ. ಪ್ರಬಲವಾದ ಕೇಂದ್ರ ಸರ್ಕಾರ ಬೇಕೆಂದವರು ಆ ಹೆಸರನ್ನೇ ತಮ್ಮದಾಗಿಸಿಕೊಂಡರು. ರಾಜ್ಯಗಳ ಹಕ್ಕಿಗಾಗಿ ವಾದಿಸಿದವರಿಗೆ 'ಆಂಟಿ ಫೆಡರಲಿಸ್ಟ್' ಎಂಬ ಹಣೆಪಟ್ಟಿ ಉಳಿಯಿತು. ಜಾಣತನವನ್ನು ಮೆಚ್ಚಬಹುದು, ನೇರವಂತಿಕೆಯೆನ್ನಲಾರೆ.

ಕೆಲವು ವಾರಗಳ ಓದಿನ ನಂತರ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು: "ಅಜ್ಜಾ, ಆ ದೇಶದಲ್ಲಿ ಗುಲಾಮರಿದ್ದರಲ್ಲ, ಸಂವಿಧಾನದಲ್ಲಿ 'ಸ್ಲೇವ್' ಅನ್ನೋ ಪದ ನನಗೆ ಎಲ್ಲೂ ಸಿಗಲಿಲ್ಲ. ನೀವೊಮ್ಮೆ ನೋಡ್ತೀರಾ?"

ನೋಡಿದೆ. ಸಿಗುವುದಿಲ್ಲ, ಏಕೆಂದರೆ ಅಲ್ಲಿ ಅದಿಲ್ಲ. 1790ರ ಮೊದಲ ಜನಗಣತಿಯಂತೆ ಆ ದೇಶದ ಸುಮಾರು 39 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಸಂವಿಧಾನ ಅವರನ್ನು ಕುರಿತು ಮಾತನಾಡದೆ ಇಲ್ಲ. ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಅವರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಬೇಕೆನ್ನುತ್ತದೆ; ಅಲ್ಲಿ ಅವರ ಹೆಸರು 'ಇತರ ವ್ಯಕ್ತಿಗಳು'. 1808ಕ್ಕೆ ಮುಂಚೆ ಅವರ ಆಮದನ್ನು ಕಾಂಗ್ರೆಸ್ಸು ನಿಷೇಧಿಸಕೂಡದೆನ್ನುತ್ತದೆ. ಅಲ್ಲಿ ಅವರು 'ಅಂತಹ ವ್ಯಕ್ತಿಗಳು'. ಓಡಿಹೋದವರನ್ನು ಹಿಡಿದೊಪ್ಪಿಸಬೇಕೆನ್ನುತ್ತದೆ, ಅಲ್ಲಿ ಅವರು ಸೇವೆಗೆ ಕಟ್ಟುಬಿದ್ದ ವ್ಯಕ್ತಿಗಳು. ಮನುಷ್ಯರು ಸ್ವತ್ತಾಗಬಹುದೆಂಬ ಭಾವನೆಗೆ ಸಂವಿಧಾನದಲ್ಲಿ ಎಡೆಗೊಡುವುದು ಸರಿಯಲ್ಲವೆಂದು ಮ್ಯಾಡಿಸನ್ ಸಭೆಯಲ್ಲಿ ಹೇಳಿದುದಾಗಿ ಅವನ ಟಿಪ್ಪಣಿಗಳಿಂದಲೇ ತಿಳಿಯುತ್ತದೆ. ಹಾಗೆ ಹೇಳಿದವನ ತೋಟದಲ್ಲಿಯೂ ಗುಲಾಮರು ದುಡಿಯುತ್ತಿದ್ದರು.

ಒಂದು ವೆಚ್ಚವನ್ನು ಬೇರೊಂದು ಬಾಬಿನಲ್ಲಿ ಬರೆದರೆ ಲೆಕ್ಕವೇನೋ ತಾಳೆಯಾಗುತ್ತದೆ. ಹಣ ಹೋದದ್ದು ಹೋದದ್ದೇ. ನನಗೆ ಆ ವಾಕ್ಯಗಳು ಹಾಗೆಯೇ ಕಂಡವು. ಆದರೂ ಇದಕ್ಕೆ ಇನ್ನೊಂದು ಮುಖವಿದೆಯೆಂಬುದನ್ನು ಮರೆಮಾಚಲಾಗದು. ಗುಲಾಮಗಿರಿಯಿಂದ ತಾನೇ ಪಾರಾಗಿ ಬಂದ ಫ್ರೆಡರಿಕ್ ಡಗ್ಲಸ್ 1852ರ ತನ್ನ ಪ್ರಖ್ಯಾತ ಭಾಷಣದಲ್ಲಿ, ಆ ಪದ ಅಲ್ಲಿಲ್ಲದಿರುವುದನ್ನೇ ಹಿಡಿದು ಸಂವಿಧಾನ ಸ್ವಾತಂತ್ರ್ಯದ ಪತ್ರವೇ ಹೊರತು ದಾಸ್ಯದ ಪತ್ರವಲ್ಲವೆಂದು ವಾದಿಸಿದ. ನಾಚಿಕೆಯಿಂದ ಬಿಟ್ಟ ಜಾಗ ವಿಮೋಚನೆಗೆ ಆಧಾರವಾಯಿತು. ಗುಲಾಮಗಿರಿಯೆಂಬ ಪದ ಆ ಸಂವಿಧಾನದೊಳಕ್ಕೆ ಮೊದಲ ಬಾರಿಗೆ ಬಂದುದು 1865ರಲ್ಲಿ, ಅದನ್ನು ರದ್ದುಗೊಳಿಸಿದ ಹದಿಮೂರನೆಯ ತಿದ್ದುಪಡಿಯಲ್ಲಿ.

ಇದೇ ಓದಿನ ನಡುವೆ ನಾವಿಬ್ಬರೂ ಜಾನ್ ವುಲ್ಮನ್ ಎಂಬ ವರ್ತಕನ ದಿನಚರಿಗೆ ಬಂದೆವು. ರಾಜಕೀಯ ಚರಿತ್ರೆಯ ಪುಸ್ತಕಗಳಲ್ಲಿ ಅವನಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನ್ಯೂಜೆರ್ಸಿಯವನು, ಕ್ವೇಕರ್ ಪಂಥದವನು, 1720ರಲ್ಲಿ ಹುಟ್ಟಿ 1772ರಲ್ಲಿ ತೀರಿಕೊಂಡವನು. ತರುಣನಾಗಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಅವನ ಯಜಮಾನ ತನ್ನ ಗುಲಾಮ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರ ಬರೆಯೆಂದ. ಕೊಳ್ಳುವವನು ಎದುರಿಗೆ ಕಾದು ನಿಂತಿದ್ದ. ವುಲ್ಮನ್ ಬರೆದುಕೊಟ್ಟ, ಆದರೆ ಇದು ತಮ್ಮ ಧರ್ಮಕ್ಕೆ ಒಪ್ಪುವಂತಹುದಲ್ಲವೆಂದು ಇಬ್ಬರ ಮುಂದೆಯೂ ಹೇಳಿದ. ಮುಂದೆ ತನ್ನದೇ ಅಂಗಡಿ ಬೆಳೆದು ದೊಡ್ಡದಾದಾಗ, ಇಷ್ಟು ವ್ಯವಹಾರ ತನಗೆ ಹೊರೆಯೆಂದು ಅದನ್ನು ಬಿಟ್ಟು ದರ್ಜಿಯ ಕೆಲಸದಲ್ಲಿ ತೃಪ್ತನಾದ. ಕೈಬರಹ ಚೆನ್ನಾಗಿದ್ದುದರಿಂದ ನೆರೆಹೊರೆಯವರು ಮರಣಶಾಸನ ಬರೆಸಲು ಅವನನ್ನೇ ಕರೆಯುತ್ತಿದ್ದರು.

ಮೊಮ್ಮಗಳ ಪಟ್ಟಿಯಲ್ಲಿ 'ಬಿಕ್ವೀದ್' ಎಂಬ ಪದವಿದೆ: ಮರಣಶಾಸನದ ಮೂಲಕ ಸ್ವತ್ತನ್ನು ಬಿಟ್ಟುಕೊಡುವುದು. ಅದರಿಂದ ಎಷ್ಟೋ ಪುಟ ದೂರದಲ್ಲಿ 'ಮ್ಯಾನ್ಯುಮಿಟ್' ಇದೆ: ಗುಲಾಮನನ್ನು ಬಿಡುಗಡೆ ಮಾಡುವುದು, ಲ್ಯಾಟಿನ್ ಮೂಲದಂತೆ, ಕೈಯಿಂದ ಬಿಟ್ಟು ಕಳುಹಿಸುವುದು. 1750ರ ದಶಕದಲ್ಲಿ ಗಾಯಗೊಂಡು ಮಲಗಿದ್ದ ನೆರೆಯವನೊಬ್ಬ ವುಲ್ಮನ್‌ನನ್ನು ಕರೆಸಿ, ಯಾವ ಮಗುವಿಗೆ ಏನು ಸೇರಬೇಕೆಂಬುದನ್ನು ಹೇಳಿ ಬರೆಸಿದ. ಅದರಲ್ಲಿ ಒಬ್ಬ ಗುಲಾಮ ಹುಡುಗಿಯ ಪ್ರಸ್ತಾಪವೂ ಇತ್ತು. ವುಲ್ಮನ್ ಉಳಿದೆಲ್ಲವನ್ನೂ ಬರೆದು, ಆ ಒಂದು ಭಾಗವನ್ನು ಮಾತ್ರ ಬಿಟ್ಟು, ಹಾಸಿಗೆಯ ಬಳಿ ಕುಳಿತು ಓದಿ ಹೇಳಿದ. ಬಿಟ್ಟುದನ್ನು ಮುಚ್ಚಿಡಲಿಲ್ಲ. ಮನುಷ್ಯರನ್ನು ದಾಸರಾಗಿಸುವ ಪತ್ರವನ್ನು ತಾನು ಬರೆಯಲಾರೆ, ಬರೆದುದಕ್ಕೆ ಹಣವೂ ಬೇಡ, ಆ ಭಾಗಕ್ಕೆ ತನ್ನನ್ನು ಮನ್ನಿಸಬೇಕೆಂದು ಸ್ನೇಹದಿಂದಲೇ ಬೇಡಿಕೊಂಡ. ಇಬ್ಬರೂ ಗಂಭೀರವಾಗಿ ಮಾತನಾಡಿದರು. ಕೊನೆಗೆ ರೋಗಿ ಆ ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದ. ಅನಂತರ ವುಲ್ಮನ್ ಮರಣಶಾಸನವನ್ನು ಪೂರ್ಣಗೊಳಿಸಿದ.