ವೀಕ್ಷಕ ವಿವರಣೆ

ಕಣ್ಣುಳ್ಳವನು ತಾನು ಕಂಡುದನ್ನು ಕಾಣಲಾರದವನಿಗೆ ಹೇಳುವುದು ಲೋಕದಲ್ಲಿ ಬಹು ಹಳೆಯ ಉದ್ಯೋಗ. ಕುರುಕ್ಷೇತ್ರದ ಯುದ್ಧಕ್ಕೆ ಮೊದಲು ವ್ಯಾಸಮಹರ್ಷಿಗಳು ಧೃತರಾಷ್ಟ್ರನ ಬಳಿಗೆ ಬಂದು, ಬೇಕಾದರೆ ಯುದ್ಧವನ್ನು ನೋಡುವ ದೃಷ್ಟಿಯನ್ನು ಕೊಡುವೆನೆಂದರು. ಜ್ಞಾತಿವಧೆಯನ್ನು ಕಣ್ಣಾರೆ ಕಾಣಲೊಲ್ಲೆ, ಕಿವಿಯಿಂದ ಕೇಳಿದರೆ ಸಾಕೆಂದು ಆ ಅರಸನು ಬೇಡಿಕೊಂಡನು. ಆಗ ದಿವ್ಯದೃಷ್ಟಿಯು ಸಂಜಯನ ಪಾಲಿಗೆ ಬಂದಿತು. ಗವಲ್ಗಣನ ಮಗನಾದ ಈ ಸೂತನು ಅರಮನೆಯ ಅನ್ನವನ್ನು ಉಂಡವನು. ಕೌರವರ ಸೋಲೆಂದರೆ ಅವನ ಒಡೆಯನ ಮನೆಯ ಸೋಲು. ಹೀಗಿದ್ದರೂ ಹತ್ತನೆಯ ದಿನ ರಣರಂಗದಿಂದ ಬಂದವನು ಮೊದಲು ತಿಳಿಸಿದ್ದು ಭೀಷ್ಮರು ಬಿದ್ದರೆಂಬ ಸುದ್ದಿಯನ್ನೇ. ಸುತ್ತಿ ಬಳಸಿ ಹೇಳಲಿಲ್ಲ. ಸಮಾಧಾನದ ಸುಳ್ಳನ್ನು ಬೆರೆಸಲಿಲ್ಲ. ಈ ಅನರ್ಥದಲ್ಲಿ ನಿನ್ನ ದೋಷವೂ ಉಂಟೆಂದು ಒಡೆಯನ ಮುಖದೆದುರಿಗೆ ನುಡಿಯುವ ಧೈರ್ಯವೂ ಅವನಿಗಿದ್ದಿತು.

ಈ ಕಾಲದಲ್ಲಿ ಆ ಉದ್ಯೋಗಕ್ಕೆ ಕನ್ನಡದಲ್ಲಿ ‘ವೀಕ್ಷಕ ವಿವರಣೆ’ ಎಂದು ಹೆಸರು. ಈ ಪದವನ್ನು ಕಟ್ಟಿದವರು ವಿವೇಕಿಗಳು. ಈಕ್ಷಣವೆಂದರೆ ನೋಟ, ‘ವಿ’ ಎಂಬ ಉಪಸರ್ಗ ಸೇರಿದಾಗ ಅದು ಗಮನವಿಟ್ಟ ನೋಟ. ವಿವರಣವೆಂದರೆ ಮುಚ್ಚಿದುದನ್ನು ತೆರೆದು ತೋರಿಸುವಿಕೆ. ಮೊದಲು ನೋಟ, ಅನಂತರ ಮಾತು. ಈ ಕ್ರಮ ತಪ್ಪಿದರೆ ವಿವರಣೆಯು ಬರಿಯ ಹರಟೆಯಾಗುವುದು.

ಭಾರತದಲ್ಲಿ ಕ್ರಿಕೆಟ್ ಪಂದ್ಯದ ವಿವರಣೆಯು ರೇಡಿಯೋದಲ್ಲಿ ಮೊದಲು ಕೇಳಿಬಂದುದು ೧೯೩೪ರಲ್ಲಿ, ಮುಂಬಯಿಯಿಂದ. ಹೇಳಿದವರು ಎ. ಎಫ್. ಎಸ್. ತಲ್ಯಾರ್‌ಖಾನ್. ದಿನವೆಲ್ಲ ಅವರೊಬ್ಬರೇ ಮಾತನಾಡುತ್ತಿದ್ದರು. ಮೈಕನ್ನು ಮತ್ತೊಬ್ಬರೊಡನೆ ಹಂಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಮರುವರ್ಷ, ೧೯೩೫ರ ಸೆಪ್ಟೆಂಬರಿನಲ್ಲಿ, ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ತೆರೆದರು. ಮುಂದೆ ದೇಶಕ್ಕೆಲ್ಲ ಸಂದ ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಆ ನಿಲಯದ್ದು. ಭದ್ರಾವತಿಯಲ್ಲಿ ೧೯೬೫ರಲ್ಲಿ ನಿಲಯವಾದ ಮೇಲೆ ಚಿತ್ರದುರ್ಗ ಸೀಮೆಗೆ ಆ ವಾಣಿ ಇನ್ನೂ ಹತ್ತಿರವಾಯಿತು; ಆಮೇಲೆ ದುರ್ಗಕ್ಕೇ ತನ್ನದೊಂದು ನಿಲಯ ಬಂದಿತು. ವಿಜಯದಶಮಿಯ ದಿನ ಜಂಬೂಸವಾರಿಯ ವಿವರಣೆಯನ್ನು ಕೇಳುತ್ತ, ಮೈಸೂರನ್ನು ಒಮ್ಮೆಯೂ ನೋಡದ ಮುದುಕಿಯರು ಆನೆಯ ನಡಿಗೆಯನ್ನೂ ಅಂಬಾರಿಯ ಹೊಳಪನ್ನೂ ಕಂಡವರಂತೆ ಕೈಮುಗಿಯುತ್ತಿದ್ದುದುಂಟು.

ಆದರೆ ಕ್ರಿಕೆಟಿನ ಟೆಸ್ಟ್ ಪಂದ್ಯಗಳ ವಿವರಣೆ ಬರುತ್ತಿದ್ದುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಪಿಯರ್ಸನ್ ಸುರೀಟಾ, ಆನಂದ ಸೆತಲ್ವಾಡ್, ಸುರೇಶ ಸರೈಯಾ, ಜಸದೇವ ಸಿಂಗ್, ಸುಶೀಲ ದೋಶಿ ಮೊದಲಾದವರ ಕಂಠಗಳು ಹೊಸದುರ್ಗದ ತೆಂಗಿನ ತೋಟಗಳಲ್ಲಿಯೂ ಹೊಳಲ್ಕೆರೆಯ ಅಡಿಕೆ ಅಂಗಳಗಳಲ್ಲಿಯೂ ಪರಿಚಿತವಾಗಿದ್ದುವು. ಕಂಠ ಪರಿಚಿತ, ಭಾಷೆ ಅಪರಿಚಿತ. ಆದುದರಿಂದ ಊರೂರಿಗೆ ಇನ್ನೊಬ್ಬ ಸಂಜಯನು ಬೇಕಾಗುತ್ತಿದ್ದನು.

ಹೊಸದುರ್ಗದಲ್ಲಿ ಅಂತಹವರೊಬ್ಬರಿದ್ದರು. ೧೯೭೫ರ ಜನವರಿಯಲ್ಲಿ ಅವರಿಗೆ ಇಪ್ಪತ್ತು ವರ್ಷ. ಪಿ.ಯು.ಸಿ. ಮುಗಿಸಿ ತಂದೆಯ ತೋಟವನ್ನು ನೋಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಒಂದಿಷ್ಟು ಬರುತ್ತಿದ್ದಿತು. ಮದರಾಸಿನಲ್ಲಿ ವೆಸ್ಟ್ ಇಂಡೀಸರೊಡನೆ ಟೆಸ್ಟ್ ಪಂದ್ಯ. ಬಸ್ ನಿಲ್ದಾಣದ ಬಳಿಯ ಕಾಫಿ ಹೋಟೆಲಿನ ಗಲ್ಲದ ಮೇಲೆ ಟ್ರಾನ್ಸಿಸ್ಟರು. ಸುತ್ತ ಹತ್ತಿಪ್ಪತ್ತು ಜನ. ನಡುವೆ ರೇಡಿಯೋಗೆ ಕಿವಿಯೊಡ್ಡಿ ಬಾಗಿದ ಈ ತರುಣ. ಆ್ಯಂಡಿ ರಾಬರ್ಟ್ಸ್‌ನ ವೇಗದ ಚೆಂಡಿಗೆ ಒಬ್ಬೊಬ್ಬರಾಗಿ ಎಲ್ಲರೂ ಉರುಳುತ್ತಿದ್ದರು. ಆ ಸರದಿಯಲ್ಲಿ ಅವನಿಗೆ ದೊರೆತ ವಿಕೆಟ್ಟುಗಳು ೭. ನಿಂತವನು ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಒಬ್ಬನೇ. “ಈ ಪಕ್ಕದ ಊರಿನ ಹುಡುಗ ನೂರು ಹೊಡೆದರೆ ಎಲ್ಲರಿಗೂ ಕಾಫಿ ಪುಕ್ಕಟೆ” ಎಂದು ಹೋಟೆಲಿನ ಯಜಮಾನರು ಸಾರಿಬಿಟ್ಟರು. ತೊಂಬತ್ತಾಯಿತು, ತೊಂಬತ್ತೈದಾಯಿತು, ತೊಂಬತ್ತೇಳಾಯಿತು. ಅಷ್ಟರಲ್ಲಿ ಕೊನೆಯ ದಾಂಡಿಗನಾದ ಚಂದ್ರಶೇಖರ್ ಔಟಾದನು. ತಂಡದ ಮೊತ್ತ ೧೯೦; ವಿಶ್ವನಾಥನದು ಅಜೇಯ ೯೭.

ಟ್ರಾನ್ಸಿಸ್ಟರಿನ ಇಂಗ್ಲಿಷ್ ಅಲ್ಲಿದ್ದ ಮಿಕ್ಕವರಿಗೆ ತಿಳಿಯದು. ಎಲ್ಲರ ದೃಷ್ಟಿಯೂ ತರುಣನ ಮುಖದ ಮೇಲೆ. ಮೂರೇ ಮೂರು ಓಟ! ಒಂದು ಸಣ್ಣ ಸುಳ್ಳಿಗೆ ಇಪ್ಪತ್ತು ಲೋಟ ಕಾಫಿ. ಸಂಜೆಯವರೆಗಾದರೂ ಯಾರೂ ಆಕ್ಷೇಪಿಸುವಂತಿರಲಿಲ್ಲ. ತರುಣನು ತಲೆಯೆತ್ತಿ, “ತೊಂಬತ್ತೇಳಕ್ಕೇ ನಿಂತೋತು” ಎಂದನು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಯಜಮಾನರು ಗಲ್ಲದಿಂದೆದ್ದು, “ಉಳಿದ ಮೂರು ನನ್ನ ಲೆಕ್ಕಕ್ಕಿರಲಿ” ಎಂದು ಕಾಫಿ ತರಿಸಿದರು. ಆ ಪಂದ್ಯವನ್ನು ಭಾರತವು ೧೦೦ ಓಟಗಳಿಂದ ಗೆದ್ದಿತು. ಅಂದಿನಿಂದ ಆ ತರುಣನು ಹೇಳಿದ ಲೆಕ್ಕವನ್ನು ಊರಿನಲ್ಲಿ ಯಾರೂ ಮತ್ತೊಬ್ಬರನ್ನು ಕೇಳಿ ತಾಳೆನೋಡಲಿಲ್ಲ.

ದೂರದರ್ಶನವು ಬಂದ ಮೇಲೆ ಇಂತಹ ಸಂಜಯರ ಅಗತ್ಯ ತೀರಿತೆಂದು ಜನ ಭಾವಿಸಿದರು. ಎಲ್ಲರೂ ಕಾಣುತ್ತಿರುವಾಗ ಹೇಳುವುದೇನು? ಆದರೆ ಕಾಣುವವರಿಗೂ ಹೇಳುವವರು ಬೇಕಾಗುವುದೊಂದು ವಿಚಿತ್ರ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವೊಂದುಂಟು; ಅದೂ ದಾಂಡು ಚೆಂಡಿನದೇ, ಕ್ರಿಕೆಟಿನ ದಾಯಾದಿ. ಅಲ್ಲಿ ವೃತ್ತಿಪರ ತಂಡಗಳು ತಮ್ಮವರೇ ಆದ ವಿವರಣಕಾರರನ್ನು ಇಟ್ಟುಕೊಳ್ಳುವುದು ರೂಢಿ. ಡಾಡ್ಜರ್ಸ್ ಎಂಬ ತಂಡಕ್ಕೆ ವಿನ್ ಸ್ಕಲಿ ಎಂಬವರು ೧೯೫೦ರಿಂದ ೨೦೧೬ರವರೆಗೆ ೬೭ ಋತುಗಳ ಕಾಲ ವಿವರಣೆ ಹೇಳಿದರು. ೧೯೫೮ರಲ್ಲಿ ಆ ತಂಡವು ಲಾಸ್ ಏಂಜಲಿಸ್ ನಗರಕ್ಕೆ ಬಂದಾಗ, ಕ್ರೀಡಾಂಗಣದಲ್ಲಿಯೇ ಕುಳಿತ ಪ್ರೇಕ್ಷಕರು ಆಟವನ್ನು ಕಣ್ಣಿನಿಂದ ನೋಡುತ್ತ, ಟ್ರಾನ್ಸಿಸ್ಟರಿನಲ್ಲಿ ಸ್ಕಲಿಯವರ ಮಾತನ್ನೂ ಕೇಳುತ್ತಿದ್ದರಂತೆ.

೧೯೭೪ರ ಏಪ್ರಿಲ್ ೮ರಂದು ಇದೇ ತಂಡದ ಎಸೆತಗಾರನ ಚೆಂಡನ್ನು ಹೊರಕ್ಕಟ್ಟಿ, ಎದುರಾಳಿ ತಂಡದ ಹ್ಯಾಂಕ್ ಆ್ಯರನ್ ಎಂಬ ಕರಿಯ ಜನಾಂಗದ ವೀರನು ೭೧೫ನೆಯ ‘ಹೋಮ್ ರನ್’ ಗಳಿಸಿ ಹಳೆಯ ದಾಖಲೆಯನ್ನು ಮುರಿದನು. ಸ್ಕಲಿಯವರು ಡಾಡ್ಜರ್ಸ್ ತಂಡದ ಅನ್ನ ಉಂಡವರು. ಆದರೂ ಚೆಂಡು ಹೋದುದನ್ನು ಹೇಳಿ ಮುಗಿಸಿ, ಜನರ ಜಯಘೋಷವೇ ಕೇಳಲೆಂದು ಕೆಲವು ಹೊತ್ತು ಸುಮ್ಮನಿದ್ದುಬಿಟ್ಟರು. ಅನಂತರ, ಕರಿಯರನ್ನು ಬಹುಕಾಲ ತುಳಿದಿಟ್ಟಿದ್ದ ದಕ್ಷಿಣ ಸೀಮೆಯಲ್ಲಿಯೇ ಅಂತಹವನೊಬ್ಬನಿಗೆ ಜನರು ಎದ್ದುನಿಂತು ಗೌರವ ತೋರಿದುದರ ಮಹತ್ತ್ವವನ್ನು ನೆನಪಿಸಿದರು. ಎದುರಾಳಿಯ ಗೆಲುವನ್ನು ಇಷ್ಟು ಔದಾರ್ಯದಿಂದ ಸಾರುವುದು ಸಂಜಯನ ಕುಲಕ್ಕೆ ಸೇರಿದ ಗುಣ.

ಕನ್ನಡಕ್ಕೂ ಈ ಭಾಗ್ಯ ತಡವಾಗಿಯಾದರೂ ಬಂದಿತು. ೨೦೧೮ರ ಡಿಸೆಂಬರಿನಲ್ಲಿ ಸ್ಟಾರ್ ಸ್ಪೋರ್ಟ್ಸ್ ಸಂಸ್ಥೆಯ ಕನ್ನಡ ವಾಹಿನಿ ಆರಂಭವಾಯಿತು. ವಿಜಯ್ ಭಾರದ್ವಾಜರಂತಹ ಹಿಂದಿನ ಆಟಗಾರರು ಕನ್ನಡದಲ್ಲಿಯೇ ಆಟವನ್ನು ವಿವರಿಸತೊಡಗಿದರು. ಇಂಗ್ಲಿಷ್ ಬಾರದ ಅಜ್ಜಿಯರು ಕೂಡ ಓವರಿಗೆ ಚೆಂಡೆಷ್ಟೆಂದು ಬಲ್ಲವರಾದರು. ಸೀಮೆಯ ಊರುಗಳಲ್ಲಿ ಬೇರೊಂದು ವಿವರಣೆಯ ಪರಂಪರೆಯೂ ಉಂಟು. ಹಿರಿಯೂರಿನ ಕಡೆ ಊರಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ಪಂದ್ಯವಾದರೆ, ಪೆಂಡಾಲಿನ ಮೂಲೆಯಲ್ಲಿ ಮೈಕು ಹಿಡಿದು ಕುಳಿತ ಒಬ್ಬ ಮಹನೀಯನು ಇದ್ದೇ ಇರುವನು. ಬಹುಮಾನದ ದಾನಿಗಳ ಹೆಸರು, ಅಡ್ಡ ನಿಲ್ಲಿಸಿದ ಬೈಕನ್ನು ತೆಗೆಯಬೇಕೆಂಬ ವಿನಂತಿ, ಕಳೆದುಹೋದ ಬೀಗದ ಕೈ, ಇವೆಲ್ಲದರ ನಡುವೆ ದಾಳಿಗಾರನು ಹಿಡಿಯಲ್ಪಟ್ಟ ಸಮಾಚಾರವೂ ಒಂದೇ ಉಸಿರಿನಲ್ಲಿ ಬರುವುದು. ಅಂಕಗಳನ್ನು ಮಾತ್ರ ಆತನು ತಪ್ಪಿ ಹೇಳುವುದಿಲ್ಲ. ಎರಡೂ ಊರಿನವರು ಎದುರಿಗೇ ಕುಳಿತಿರುತ್ತಾರಷ್ಟೆ!

ದೊಡ್ಡ ವಾಹಿನಿಗಳ ವಿವರಣಕಾರರಿಗೆ ಆ ಭಯವಿಲ್ಲ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ೨೦೦೮ರಿಂದ ಆಡುತ್ತಿದೆ. ಕನ್ನಡದ ಕೇಳುಗರಲ್ಲಿ ಬಹುಮಂದಿ ಅದರ ಭಕ್ತರು. ಭಕ್ತರಿಗೆ ಸವಿಯಾದುದನ್ನೇ ಹೇಳುವ ಮೋಹ ಯಾರಿಗಾದರೂ ಬಂದೀತು. ಆದರೆ ಆಟವು ಮುಖ ನೋಡಿ ನಡೆಯುವುದಿಲ್ಲ. ೨೦೧೩ರ ಏಪ್ರಿಲ್ ೨೩ರಂದು ಆ ತಂಡವು ೨೬೩ ಓಟ ಗಳಿಸಿತು. ಕ್ರಿಸ್ ಗೇಲ್ ಒಬ್ಬನದೇ ೧೭೫. ೨೦೧೭ರ ಅದೇ ಏಪ್ರಿಲ್ ೨೩ರಂದು ಕಲ್ಕತ್ತೆಯಲ್ಲಿ ೪೯ಕ್ಕೆ ಎಲ್ಲರೂ ಔಟಾದರು. ೨೦೦೯, ೨೦೧೧, ೨೦೧೬ರ ಅಂತಿಮ ಪಂದ್ಯಗಳಲ್ಲಿ ಸೋಲೇ ಗತಿಯಾಯಿತು. ದುರ್ಗದ ಕೋಟೆಯ ಬತೇರಿಯ ಮೇಲೆ ನಿಂತ ಕಾವಲಿನವನು ಕೆಳಗಿನವರ ಮನಸ್ಸಿಗೆ ನೋವಾಗುವುದೆಂದು ಶತ್ರುಗಳ ಲೆಕ್ಕವನ್ನು ಕಡಿಮೆ ಮಾಡಿ ಹೇಳಿದರೆ ಏನಾದೀತು? ಇಲ್ಲಿ ಕೋಟೆ ಬೀಳುವುದಿಲ್ಲವೆಂಬುದು ನಿಜ. ಬೀಳುವುದು ಮಾತಿನ ಮೇಲಿನ ನಂಬಿಕೆ.

ಇನ್ನೊಂದು ಕೊರತೆ ಸೂಕ್ಷ್ಮವಾದುದು. ಚಿತ್ರವು ಎದುರಿಗಿರುವುದರಿಂದ ದೂರದರ್ಶನದ ವಿವರಣೆಯಲ್ಲಿ ಚೆಂಡು ಎತ್ತ ಹೋಯಿತು, ಯಾರು ಓಡಿದರು ಎಂಬ ಮೂಲಸಂಗತಿಯೇ ಎಷ್ಟೋ ವೇಳೆ ಬಿಟ್ಟುಹೋಗುವುದು. ‘ಅದ್ಭುತ’, ‘ಅಮೋಘ’ ಎಂಬ ಉದ್ಗಾರ ಮಾತ್ರ ಉಳಿಯುವುದು. ಕಾಣುವವರಿಗೆ ಇದರಿಂದ ನಷ್ಟವಿಲ್ಲ. ಕಾಣದವರ ಗತಿ?

ಹೊಸದುರ್ಗದ ಆ ತರುಣರು ಈಗ ಎಪ್ಪತ್ತನ್ನು ಮುಟ್ಟಿದ ಅಜ್ಜ. ಕೆಲವು ವರ್ಷಗಳ ಹಿಂದೆ ಕಣ್ಣಿನ ನರಗಳು ಸೋತು ದೃಷ್ಟಿ ಪೂರ್ತಿಯಾಗಿ ಹೋಯಿತು. ನಡುಮನೆಯಲ್ಲಿ ಟಿ.ವಿ. ಹಾಕಿ ಮಕ್ಕಳು ಮೊಮ್ಮಕ್ಕಳು ಕುಳಿತಾಗ ಅವರೂ ಬಂದು ಕೂರುವರು. ಒಮ್ಮೆಲೆ ಎಲ್ಲರೂ ಹೋ ಎನ್ನುವರು, ಅಜ್ಜನು, “ಏನಾತೋ ಮಗಾ?” ಎನ್ನುವನು, ಉತ್ತರ ಬರುವಷ್ಟರಲ್ಲಿ ಮುಂದಿನ ಚೆಂಡು ಬಂದಿರುವುದು. ಎರಡು ಮೂರು ಸಲ ಕೇಳಿ ಆಮೇಲೆ ಕೇಳುವುದನ್ನೇ ಬಿಟ್ಟರು. ತುಂಬಿದ ಮನೆಯ ನಡುವೆ ಕುಳಿತೂ ಅವರು ಹೊರಗಿನವರಾಗಿದ್ದರು. ಇದನ್ನು ಮೊದಲು ಗಮನಿಸಿದವನು ಹೈಸ್ಕೂಲಿನಲ್ಲಿ ಓದುತ್ತಿರುವ ಕಿರಿಯ ಮೊಮ್ಮಗ. ಒಂದು ದಿನ ಅವನು ಸೋಫಾದಿಂದಿಳಿದು ಅಜ್ಜನ ಕುರ್ಚಿಯ ಬಳಿ ನೆಲದ ಮೇಲೆ ಕುಳಿತನು.

೨೦೨೫ರ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ ಅಂತಿಮ ಪಂದ್ಯ. ಬೆಂಗಳೂರಿನವರದು ೧೯೦. ಆ ಸಂಖ್ಯೆಯನ್ನು ಕೇಳಿ ಅಜ್ಜನಿಗೆ ಮದರಾಸು ನೆನಪಾಗಿ ಒಬ್ಬರೇ ನಕ್ಕರು. ಪಂಜಾಬಿನವರಿಗೆ ಕೊನೆಯ ಓವರಿನಲ್ಲಿ ೨೯ ಬೇಕು, ಎಸೆಯುವವನು ಹೇಝಲ್‌ವುಡ್. ಮೊದಲೆರಡು ಚೆಂಡುಗಳಿಗೆ ಓಟವಿಲ್ಲ. ಮನೆಯವರೆಲ್ಲ ಎದ್ದು ಕುಣಿಯತೊಡಗಿದರು. ಆ ಕೇಕೆಯಲ್ಲಿ ವಿವರಣಕಾರರ ಮಾತೂ ಮುಳುಗಿತು.

“ಇನ್ನೂ ನಾಲ್ಕು ಚೆಂಡು ಅದಾವಲ್ಲೋ, ಈಗ್ಲೇ ಯಾಕೆ ಈ ಗಲಾಟೆ?”

“ನಾಲ್ಕಕ್ಕೂ ಸಿಕ್ಸ್ ಹೊಡೆದ್ರೂ ಇಪ್ಪತ್ನಾಲ್ಕೇ ಅಜ್ಜ. ಕೊಹ್ಲಿ ಅಳ್ತಾ ಇದಾನೆ.”

“ಅಳ್ತಾನೆ ಅಂದ್ರೆ ಹೆಂಗೆ? ಸರಿಯಾಗಿ ಹೇಳು.”

ಹುಡುಗನು ಒಂದು ಕ್ಷಣ ಪರದೆಯನ್ನು ದಿಟ್ಟಿಸಿ ನೋಡಿದನು. “ಬೌಂಡರಿ ಹತ್ರ ಒಬ್ನೇ ನಿಂತಿದಾನೆ. ಕೈಯಾಗೆ ಕಣ್ಣು ಒರೆಸ್ಕೊಂತಾನೆ. ಆಟ ಇನ್ನೂ ನಡೀತಾ ಐತೆ.” ಉಳಿದ ನಾಲ್ಕು ಚೆಂಡುಗಳಲ್ಲಿ ಶಶಾಂಕ್ ಸಿಂಗ್ ೨೨ ಓಟ ಬಾರಿಸಿದುದನ್ನೂ, ಅವನು ಒಟ್ಟು ೬೧ ಗಳಿಸಿ ಔಟಾಗದೆ ಉಳಿದುದನ್ನೂ ಹುಡುಗನು ಬಿಡದೆ ಹೇಳಿದನು. ಗೆಲುವು ೬ ಓಟಗಳದು. “ಸೋತೋನೂ ಚೆನ್ನಾಗಿ ಆಡಿದ” ಎಂದರು ಅಜ್ಜ.

ಮರುದಿನ ವಿಜಯೋತ್ಸವಕ್ಕೆಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೆರೆದ ಸಂದಣಿಯಲ್ಲಿ ಕಾಲ್ತುಳಿತವಾಗಿ ೧೧ ಮಂದಿ ಸತ್ತರು. ಸಂಜೆ ಟಿ.ವಿ.ಯ ಮುಂದೆ ಮನೆಯವರೆಲ್ಲ ಮಾತಿಲ್ಲದೆ ನಿಂತಿದ್ದರು. ಒಳಗಿನಿಂದ ಗೋಡೆ ಹಿಡಿದು ಬಂದ ಅಜ್ಜನು, ಹಿಂದಿನ ದಿನದ ಸಂಭ್ರಮ ಇನ್ನೂ ಮುಖದಲ್ಲಿದ್ದಂತೆಯೇ, “ಏನಾತೋ ಮಗಾ? ಮೆರವಣಿಗೆ ಬಂತೇನು?” ಎಂದರು. ಅಜ್ಜನಿಗೆ ರಕ್ತದೊತ್ತಡ, ಏನೂ ಇಲ್ಲವೆಂದು ಹೇಳೆಂಬಂತೆ ತಾಯಿಯು ಹುಡುಗನಿಗೆ ಕಣ್ಸನ್ನೆ ಮಾಡಿದಳು. ಆ ಸನ್ನೆ ಅಜ್ಜನಿಗೆ ಕಾಣುವಂತಿರಲಿಲ್ಲ.

ಹುಡುಗನು ಹೋಗಿ ಅಜ್ಜನ ಕೈ ಹಿಡಿದು ಕುರ್ಚಿಯಲ್ಲಿ ಕುಳ್ಳಿರಿಸಿ, ತಾನು ನೆಲದ ಮೇಲೆ ಕುಳಿತನು. “ಜನ ಸತ್ತಿದಾರೆ ಅಜ್ಜ. ನೂಕಾಟದಾಗೆ. ರಸ್ತೆ ತುಂಬ ಚಪ್ಪಲಿ ಬಿದ್ದಾವೆ” ಎಂದನು.

ಅಜ್ಜನು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗನ ತಲೆಯ ಮೇಲೆ ಕೈಯಿಟ್ಟು, “ಎಷ್ಟು ಜನ?” ಎಂದು ಕೇಳಿದರು. ಹುಡುಗನು ಪರದೆಯ ಕಡೆ ತಿರುಗಿ, ಅಲ್ಲಿದ್ದ ಲೆಕ್ಕವನ್ನು ಇದ್ದಂತೆಯೇ ಹೇಳಿದನು.